ಯಶೋಧಮ್ಮನ ಬಳ್ಳಿಗೆ ಬಂದ ಕೆಂಪು

ಬಿಂಡಿಗನವಿಲೆಯ ಮಗಳ ಮನೆಯಿಂದ ಬಂದ ಯಶೋಧಮ್ಮ ಕೈಚೀಲ ಇಳಿಸುವ ಮೊದಲೇ ಹಿತ್ತಿಲಿಗೆ ಹೋದರು. ಕೊಟ್ಟಿಗೆ ಗೋಡೆ ಬೋಳಾಗಿತ್ತು. ಮಗಳು ಶ್ವೇತಳ ಎರಡನೇ ಬಾಣಂತನಕ್ಕೆ ಹೊರಟ ದಿನ ಆ ಗೋಡೆಯ ತುಂಬ ಐವಿ ಬಳ್ಳಿ ಹಸಿರಾಗಿ ಹಬ್ಬಿತ್ತು. ಈಗ ಒಂದೆಲೆಯೂ ಇಲ್ಲ. ಬಳ್ಳಿ ಕಚ್ಚಿಕೊಂಡಿದ್ದ ಕಡೆ ಸುಣ್ಣ ಕಿತ್ತುಬಂದ ಗುರುತು ಮಾತ್ರ.

ಯಶೋಧಮ್ಮ ಕಿಕ್ಕೇರಿ ಕಡೆಯವರು. ಪಾಂಡವಪುರದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅವರು ನೆಟ್ಟಿದ್ದೆಲ್ಲ ಯಾರದೋ ಹೊಟ್ಟೆಗೆ, ಇಲ್ಲವೇ ದೇವರ ಮುಡಿಗೆ. ಅವರೆ, ಬದನೆ, ಕನಕಾಂಬರ. ಬರೀ ಕಣ್ಣಿಗೆಂದು ನೆಟ್ಟದ್ದು ಇದೊಂದೇ. ಶ್ರೀರಂಗಪಟ್ಟಣದ ನರ್ಸರಿಯಲ್ಲಿ ಕೊಂಡಾಗ ಅಲ್ಲಿನ ಮಾಲಿ, "ಒಳ್ಳೆ ಚಳಿ ಬಿದ್ರೆ ಎಲೆ ಬಣ್ಣಕ್ಕೆ ತಿರುಗ್ತವೆ ಕಣಕ್ಕ, ನೋಡಕ್ಕೆ ಎರಡು ಕಣ್ಣು ಸಾಲ್ದು" ಎಂದಿದ್ದ. ಆ ಬಣ್ಣ ನೋಡಬೇಕೆಂಬುದೇ ಯಶೋಧಮ್ಮನ ಹುಚ್ಚು. ಅಕ್ಕಿ ತೊಳೆದ ನೀರು ಹೊಯ್ದರು, ಹಸು ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದರು. ಎರಡು ಚಳಿಗಾಲ ಕಳೆದರೂ ಎಲೆ ಹಸಿರಾಗೇ ಉಳಿಯಿತು. ನಕ್ಕುಬಿಟ್ಟಾರೆಂದು ಗಂಡನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೆಂಗಸರ ಇಂಥ ಆಸೆಗೆ ನಗುವವರು ಮನೆಯಲ್ಲೇ ಇರುತ್ತಾರಲ್ಲ!

ಗಂಡ ಚಲುವರಾಜು ಹಿಂದೆಯೇ ಬಂದರು.

"ನಿನ್ ಬಳ್ಳಿ ಕೈ ಬುಡ್ತು ಕಣಮ್ಮಿ. ಈ ಸಲ ಚಳಿ ಜಾಸ್ತಿ ನೋಡು, ಕೆಂಪು ಕೊಳೆ ತಗುಲ್ಕೊಂಬುಡ್ತು. ಬೇರು ಸಮೇತ ಕಿತ್ತು ಸುಟ್ಟಾಕ್ಬುಟ್ಟೆ. ಪಕ್ದಲ್ಲೇ ನಿನ್ ಕನಕಾಂಬರ ಐತಲ್ಲ, ಅದುಕ್ಕೂ ಅಂಟುದ್ರೆ ನೀನು ನೊಂದ್ಕೊತೀಯ ಅಂತ."

ಚಲುವರಾಜು ಹುಟ್ಟಾ ಕಬ್ಬು ಬೆಳೆಯುವವರು. ಗದ್ದೆಯಲ್ಲಿ ಕೆಂಪು ಕೊಳೆ ರೋಗ ಕಂಡರೆ ಪೊದೆಗೆ ಪೊದೆಯನ್ನೇ ಕಿತ್ತು ಸುಡುವುದು ಅವರಿಗೆ ಅಪ್ಪನ ಕಾಲದಿಂದ ಬಂದ ಪಾಠ. ಕೆಂಪು ಎಂದರೆ ಕಾಯಿಲೆ, ಮುಗಿಯಿತು. ಮುಳ್ಳು ಕೀಳಲು ಹೋಗಿ ಕೈಯೆಲ್ಲ ಗೀರಿಸಿಕೊಂಡಿದ್ದರು. ಇಂಥವರನ್ನು ಬೈಯುವುದಾದರೂ ಹೇಗೆ?

ಯಶೋಧಮ್ಮ ಒಗೆಯುವ ಕಲ್ಲಿನ ಮೇಲೆ ಕೂತರು. "ಎಂಗಿತ್ತು?" ಎಂದರು.

"ಏನು?"

"ಎಲೆ. ಯಾವ ಕೆಂಪು?"

ಚಲುವರಾಜು ಗೋಡೆ ಕಡೆ ನೋಡಿದರು. "ಮೊದ್ಲು ಅಂಚು ತಿರುಗ್ತು. ಆಮೇಲೆ ನರನರಕ್ಕೂ ಇಳೀತು. ಒಂದಷ್ಟು ನೇರಳೆಹಣ್ಣಿನ ಬಣ್ಣ, ಒಂದಷ್ಟು ಕುಂಕುಮದಂಗೆ. ಬೆಳಿಗ್ಗೆ ಬಿಸ್ಲು ಬಿದ್ರೆ ಗೋಡೆಗೆ ಗೋಡೆನೇ..." ಮಾತು ಅಲ್ಲೇ ನಿಂತಿತು. ಹೆಂಡತಿಯ ಮುಖ ನೋಡಿದರು. "ಅಮ್ಮಿ, ಅದು ಕಾಯ್ಲೆ ಅಲ್ವಾ?"

ಯಶೋಧಮ್ಮ ಅಲ್ಲವೆಂದು ತಲೆಯಾಡಿಸಿದರು. ಚಲುವರಾಜು ಗೀರುಬಿದ್ದ ತಮ್ಮ ಕೈ ನೋಡಿಕೊಂಡರು.

"ನಾನಂತೂ ನೋಡ್ಲಿಲ್ಲ," ಎಂದರು ಯಶೋಧಮ್ಮ. "ನೀವು ನೋಡಿದೀರಿ. ಬಿಸ್ಲು ಬಿದ್ರೆ ಎಂಗಿತ್ತು, ಪೂರ್ತಿ ಯೋಳಿ."

ಚಲುವರಾಜು ಕಲ್ಲಿನ ಪಕ್ಕ ನೆಲದ ಮೇಲೆ ಕೂತು, ಬೋಳು ಗೋಡೆ ನೋಡುತ್ತ, ತಡೆತಡೆದು ಮೊದಲಿನಿಂದ ಹೇಳತೊಡಗಿದರು.