ನಲವತ್ತು ಪಟ್ಟಿನ ಪುಕ್ಕಲ

ನಮ್ಮ ಮನೆಯ ಅರೆಡಾಕ್ಟರು, ಅಂದರೆ ಮೆಡಿಕಲ್ ಮೊದಲ ವರ್ಷದಲ್ಲಿರುವ ನನ್ನ ತಮ್ಮ, ಮಹಾ ಪುಕ್ಕಲ. ದೇಹದ ಅಂಗಾಂಶಗಳನ್ನು ಅವನು ಕಲಿಯುವುದು ಲ್ಯಾಪ್‌ಟಾಪಿನಲ್ಲಿ. ಸೂಕ್ಷ್ಮದರ್ಶಕದ ಸ್ಲೈಡುಗಳೆಲ್ಲ ಈಗ ಆನ್‌ಲೈನ್‌ನಲ್ಲೇ ಸಿಗುತ್ತವೆ, ಬೆರಳಾಡಿಸಿದರೆ ದೊಡ್ಡದಾಗುತ್ತವೆ. ಮೊದಲು ದೂರದಿಂದ ಇಡಿಯಾಗಿ ನೋಡಿ, ಆಮೇಲೆ ಹತ್ತಿರ ಹೋಗಿ ಎಂದು ಪಾಠದ ಮೇಡಂ ಎಷ್ಟು ಬಡಕೊಂಡರೂ ಈ ಮಹಾಶಯ ಸ್ಲೈಡು ತೆರೆದದ್ದೇ ತಡ, ನಲವತ್ತು ಪಟ್ಟಿಗೆ ಹಾರುತ್ತಾನೆ. ಅಷ್ಟು ಹತ್ತಿರದಿಂದ ಯಾವ ಜೀವಕೋಶ ತಾನೇ ಸಾಧುವಾಗಿ ಕಂಡೀತು? ಯಕೃತ್ತು ನೋಡಿದ ದಿನ ಬಲಪಕ್ಕೆ ಹಿಡಿದುಕೊಂಡೇ ಓಡಾಡುತ್ತಾನೆ. ಮೂಳೆ ನೋಡಿದ ದಿನ ಮೆಟ್ಟಿಲು ಹತ್ತುವುದಿಲ್ಲ. "ಅಕ್ಕಾ, ನನ್ನ ನಾಲಿಗೆ ನೋಡೇ, ಬೆಳ್ಳಗಾಗಿದೆ!" ಎಂದು ಸ್ನಾನದ ಮನೆಯ ಬಾಗಿಲು ಬಡಿಯುತ್ತಾನೆ. "ಈಗ ತಾನೇ ಹಾಲು ಕುಡಿದೆಯಲ್ಲೋ, ಬಾಯಿ ಮುಕ್ಕಳಿಸು" ಎಂದರೆ, ನಾಡಿ ಹಿಡಿದುಕೊಂಡು ವಾಪಸ್ಸು ಹೋಗುತ್ತಾನೆ. ಹೋದ ಗುರುವಾರ ಅಮ್ಮನ ಎದೆಯ ಗಂಟಿನ ಚೂರೊಂದನ್ನು ಪರೀಕ್ಷೆಗೆ ಕಳಿಸಿದೆವು. ವರದಿ ಇನ್ನೂ ಬಂದಿಲ್ಲ. ಅವತ್ತಿನಿಂದ ಅವನ ಪರದೆಯ ಮೇಲೆ ಒಂದೇ ಸ್ಲೈಡು, ಆರೋಗ್ಯವಂತ ಹೆಂಗಸೊಬ್ಬಳ ಸ್ತನದ್ದು. ಅದು ಮಾತ್ರ ಉಗುರಿನಷ್ಟಗಲದ ಗುಲಾಬಿ ಕಲೆಯಾಗಿಯೇ ಉಳಿದಿದೆ. ಇವತ್ತು ಬೆಳಿಗ್ಗೆ ಅಮ್ಮ ಅವನ ಹೆಗಲ ಮೇಲಿಂದ ಬಗ್ಗಿ, "ಸ್ವಲ್ಪ ದೊಡ್ಡದು ಮಾಡಿ ತೋರಿಸೋ, ನಾನೂ ನೋಡ್ತೀನಿ" ಎಂದಳು. "ಇದನ್ನ ದೂರದಿಂದಲೇ ನೋಡಬೇಕಮ್ಮಾ, ಮೇಡಂ ಹೇಳಿದಾರೆ" ಎಂದ, ಎರಡೂ ಕೈಗಳನ್ನು ತೊಡೆಯಡಿ ಅದುಮಿಟ್ಟುಕೊಂಡು.