ಮೈಲಾರಪ್ಪನ ಎರಡು ಸಿಲಿಂಡರ್‌ಗಳು

ಕುಪ್ಪೇಲೂರಿನ ಮೈಲಾರಪ್ಪ ಉಗಿಬಂಡಿಯ ಕಾಲದಲ್ಲಿ ರೈಲ್ವೆ ಶೆಡ್ಡಿನ ಫಿಟ್ಟರ್. ಅವನ ಲೆಕ್ಕದಲ್ಲಿ ಡ್ರೈವರೆಂದರೆ ಮೆರವಣಿಗೆಯ ಮದುಮಗ, ಬಾಯ್ಲರೆಂದರೆ ನೀರು ಕಾಸುವ ಹಂಡೆ. ಬಂಡಿ ಎಳೆಯುವ ಭೀಮನೆಂದರೆ ಸಿಲಿಂಡರ್ ಮಾತ್ರ. ಉಗಿ ಅದರೊಳಗೆ ನುಗ್ಗಿ ಪಿಸ್ಟನ್ನಿಗೆ ಗುದ್ದಿದರೇ ಗಾಲಿ ತಿರುಗುವುದು. ಈ ಮಾತನ್ನು ಹೆಂಡತಿ ಉಚ್ಚಂಗೆವ್ವ ಮದುವೆಯಾದ ವಾರದಲ್ಲೇ ಕೇಳಿ ಮುಗಿಸಿದ್ದಳು. ಅವನಿನ್ನೂ ಹೇಳಿ ಮುಗಿಸಿರಲಿಲ್ಲ.

ಮುಪ್ಪಿನಲ್ಲಿ ಭೀಮ ಮತ್ತೆ ಸಿಕ್ಕ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವೀರೇಂದ್ರ ತನ್ನ ಹೊಸ ಉದ್ಯಾನಕ್ಕೆ ಗುಜರಿಯಿಂದ ಹಳೆಯ ಎಂಜಿನ್ ತಂದು ಹಳಿಯ ತುಂಡಿನ ಮೇಲೆ ನಿಲ್ಲಿಸಿದ. ನೋಡಿಕೊಳ್ಳಲು ಗಂಡ ಹೆಂಡತಿ ಪಕ್ಕದ ಖೋಲಿಗೆ ಬಂದರು.

"ಉದ್ಘಾಟನೆ ದಿನ ಹತ್ತು ಮಾರು ಓಡಿದ್ರ ನಿನ್ನ ಸಿಲಿಂಡರ್ ಉಳೀತಾವು ಅಜ್ಜಾ," ಎಂದ ವೀರೇಂದ್ರ. "ಇಲ್ಲಂದ್ರ ಕೊಯ್ದು ಒಗದು ಟ್ರ್ಯಾಕ್ಟರ್ ಎಂಜಿನ್ ಕೂಡಸ್ತೇನಿ."

ಬಾಯ್ಲರು ತೂತು. ಮೈಲಾರಪ್ಪ ಹಲಗೇರಿಯಿಂದ ಬೋರ್‌ವೆಲ್ ಕೊರೆಯುವ ಲಾರಿಯ ಕಂಪ್ರೆಸರ್ ಗೊತ್ತುಮಾಡಿದ. ಉಗಿಯಾದರೇನು, ಒತ್ತಿ ತುಂಬಿದ ಗಾಳಿಯಾದರೇನು, ಗುದ್ದು ಬಿದ್ದರೆ ಸಾಕು. ಚಳಿಗಾಲವಿಡೀ ಮುಚ್ಚಳ ಬಿಚ್ಚಿ, ತುಕ್ಕು ಕೆರೆದು, ಪಿಸ್ಟನ್ನಿನ ರಿಂಗುಗಳಿಗೆ ಎಣ್ಣೆ ಉಣಿಸಿದ. ಕೆಳಗಿನ ಪುಟ್ಟ ನಲ್ಲಿ ತಿರುವಿ ನೀರು ಬಸಿದ. ಒಳಗೆ ನೀರು ನಿಂತರೆ ಪಿಸ್ಟನ್ ಬಂದು ಮುಚ್ಚಳವನ್ನೇ ಒಡೆಯುತ್ತದೆ.

"ನನಗ ಜ್ವರ ಬಂದಾಗ ಇಷ್ಟು ಆರೈಕಿ ಮಾಡಿದ್ರೇನ್ರಿ?" ಎಂದಳು ಉಚ್ಚಂಗೆವ್ವ.

"ನಿನಗ ಮುಚ್ಚಳ ಎಲ್ಲೈತಿ? ಇದ್ದಿದ್ರ ಮೊದಲ ಬಾಯಿಗೆ ಹಾಕ್ತಿದ್ದೆ."

ಉದ್ಘಾಟನೆಯ ದಿನ ಗಣ್ಯರು, ಜರಿಸೀರೆಗಳು, ಬ್ಯಾಂಡು. ಮೈಲಾರಪ್ಪ ಸೇನಾಪತಿಯಂತೆ ಎಂಜಿನ್ ಏರಿ, ಸಿಲಿಂಡರಿಗೆ ಗಾಳಿ ಬಿಡುವ ರೆಗ್ಯುಲೇಟರಿನ ಹಿಡಿಕೆ ಎಳೆದ. ಪಿಸ್ಟನ್ ಮಿಸುಕಿತು. ಗಾಲಿ ಉರುಳಿತು. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಗಾಳಿ 'ಛುಫ್' ಎಂದು ಚಿಮಣಿಯಿಂದ ಹೊರಬಿತ್ತು, ಕೆಂಪಗೆ.

ಆಮೇಲೆ ಕುರುಕ್ಷೇತ್ರ. ಮೊದಲ ಸಾಲು ಸೀನಿತು, ಎರಡನೆಯ ಸಾಲು ಕೆಮ್ಮಿತು, ಬ್ಯಾಂಡಿನವನ ಕಹಳೆಯೂ ಸೀನಿತು.

"ಅಯ್ಯೋ ಶಿವನ! ಮುಂದಿನ ಗುಂಡ ಬಾಗಲದೊಳಗ ಮುರುಕು ಮೆಣಸಿನಕಾಯಿ ಹರವಿದ್ದೆನಲ್ರಿ!" ಉಚ್ಚಂಗೆವ್ವ ಮೂಗಿಗೆ ಸೆರಗು ಒತ್ತಿಕೊಂಡಳು.

ಅಕಾಲದ ಮಳೆ ಬಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಮೊದಲು ಸೂರು, ಆಮೇಲೆ ಮನುಷ್ಯರಿಗೆ. ಎಂಜಿನ್ನಿನ ಮೂತಿಯಲ್ಲಿ ಚಿಮಣಿಯ ಬುಡದ ಆ ಖಾಲಿ ಗೂಡು ಅವಳಿಗೆ ಬೆಚ್ಚನೆಯ ಉಗ್ರಾಣವಾಗಿ ಕಂಡಿತ್ತು. ಚಳಿಗಾಲವಿಡೀ ಅದರ ಪಕ್ಕದಲ್ಲೇ ಕೂತಿದ್ದ ಮೈಲಾರಪ್ಪ ಒಮ್ಮೆಯೂ ಬಾಗಿಲು ತೆಗೆದು ನೋಡಿರಲಿಲ್ಲ. ಅದು ಸಿಲಿಂಡರ್ ಅಲ್ಲವಲ್ಲ!

"ಹೇಳಾಕ ಏನಾಗಿತ್ತ?"

"ಸಿಲಿಂಡರ್ ಬಿಟ್ಟು ಬ್ಯಾರೆ ಮಾತು ಕೇಳೀರೇನು ನೀವು?"

ನಿಲ್ಲಿಸಿದರೆ ಸಿಲಿಂಡರ್ ಹೋದವು. ಓಡಿಸಿದರೆ ಊರೇ ಸೀನುತ್ತದೆ. ಮೈಲಾರಪ್ಪ ಹಿಡಿಕೆ ಬಿಡಲಿಲ್ಲ. ಎಂಜಿನ್ ಹತ್ತು ಮಾರು ದಾಟಿ ಇನ್ನೂ ಎರಡು ಮಾರು ಹೋಯಿತು, ಒಂದು ತಪ್ಪು ಗುದ್ದಿಲ್ಲದೆ. ನೋಡಲು ತೆರೆದ ಕಣ್ಣು ಮಾತ್ರ ಒಂದೂ ಇರಲಿಲ್ಲ.

"ಓಡೇತ್ರಿ, ಸಾವ್ಕಾರ್ರ!"

"ಯಾರು ನೋಡ್ಯಾರ?" ವೀರೇಂದ್ರ ಕಣ್ಣೀರು ಸುರಿಸುತ್ತ ಗುಡುಗಿದ.

"ಉಚ್ಚಂಗಿ, ನೀ ನೋಡಿದ್ಯಲ್ಲ?"

"ಕಣ್ಣು ಬಿಡಾಕ ಆಗ್ಲಿಲ್ರಿ. ಸಪ್ಪಳ ಕೇಳೇನಿ."

"ಸಪ್ಪಳ ಟ್ರ್ಯಾಕ್ಟರೂ ಮಾಡತೈತಿ," ಎಂದು ವೀರೇಂದ್ರ ಮತ್ತೊಮ್ಮೆ ಸೀನಿ ಹೊರಟುಹೋದ.

ಸಿಲಿಂಡರ್ ಕೊಯ್ಯಲು ಗ್ಯಾಸ್ ಕಟರಿನವನು ಬರುವ ಮುಂಜಾನೆ ಮೈಲಾರಪ್ಪ ಎರಡೂ ಸಿಲಿಂಡರಿಗೆ ಎಣ್ಣೆ ಹಾಕಿ ಕಾದಿದ್ದ.

"ಎಣ್ಣಿ ಇದ್ರ ಬೆಂಕಿ ಹತ್ತತೈತಿ ಅಜ್ಜಾ," ಎಂದ ಕಟರಿನವನು. "ಲಗೂ ಒರಸು."

ಮೈಲಾರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಒರೆಸತೊಡಗಿದ.