ಹಂಡೆಯೊಳಗಿನ ಗಾಳಿ

ಕಾಕಾರ ಎರಡೂ ಕಿವಿಯಲ್ಲಿ ಯಾವಾಗಲೂ ಕುಸುಬಿ ಎಣ್ಣೆಯ ಹತ್ತಿ ಇರುತ್ತಿತ್ತು. ಎಣ್ಣೆ ಇಳಿದಿಳಿದು ಅಂಗಿಯ ಹೆಗಲೆಲ್ಲ ಹಳದಿ. ಮಾತಾಡಿಸಬೇಕಾದರೆ ಎದುರಿಗೇ ಹೋಗಿ ನಿಲ್ಲಬೇಕು; ಹಿಂದಿನಿಂದ ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ. ನನಗೆ ರಕ್ತಸಂಬಂಧವೇನಿಲ್ಲ, ಎಲ್ಲರೂ ಕಾಕಾ ಅಂದರು, ನಾನೂ ಅಂದೆ.

ಕಾಗಿಣಾ ಹೊಳೆಯ ದಂಡೆಯ ಅಂಬಿಗರ ಮನುಷ್ಯ. ನೀರಿಗೆ ಬಿದ್ದದ್ದನ್ನು ಮುಳುಗಿ ತೆಗೆಯುವುದೇ ಕಸುಬು. ರಜಾಕಾರರ ಗದ್ದಲದಲ್ಲಿ ಸುತ್ತಿನ ಬಾವಿಗಳಿಂದ ಏನೇನು ತೆಗೆದರೋ, ಅದನ್ನು ಮಾತ್ರ ಯಾರು ಕೇಳಿದರೂ ಹೇಳಲಿಲ್ಲ. ಗದ್ದಲ ಮುಗಿದ ಮೇಲೆ ರಾವೂರಿನ ಕಡೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಖಣಿಗೆ ಬರತೊಡಗಿದರು. ಅಲ್ಲಿ ನೀರೆತ್ತುವ ಇಂಜಿನ್ ನೋಡಿಕೊಳ್ಳುತ್ತಿದ್ದವನು ನಾನು. ಮಳೆಗೆ ಖಣಿ ತುಂಬಿ, ಪೈಪಿನ ಬಾಯಿಗೆ ಕೆಸರು ಮೆತ್ತಿಕೊಂಡರೆ ತಳಕ್ಕಿಳಿದು ಬಿಡಿಸುವವರು ಅವರೊಬ್ಬರೇ.

ಅವರ ರೀತಿಯೇ ಬೇರೆ. ಸಣ್ಣದೊಂದು ತಾಮ್ರದ ಹಂಡೆಯನ್ನು ಬೋರಲು ಹಾಕಿ, ಕಂಠಕ್ಕೆ ನಾಲ್ಕೂ ಕಡೆ ಕಲ್ಲು ಕಟ್ಟಿ ನೀರಿಗೆ ಇಳಿಬಿಡುವುದು. ಒಳಗಿನ ಗಾಳಿ ಒಳಗೇ ಉಳಿಯುತ್ತದೆ. ತಳದಲ್ಲಿ ದಮ್ಮು ಮುಗಿದಾಗ ಹಂಡೆಯ ಬಾಯಿಗೆ ಮುಖ ಕೊಟ್ಟು ಒಂದು ಉಸಿರು ತಗೊಂಡು ಮತ್ತೆ ಕೆಲಸ. ಆದರೆ ಆ ಹಂಡೆಯನ್ನು ಅವರು ನಂಬುತ್ತಿರಲಿಲ್ಲ. ಪ್ರತಿ ಸಲವೂ ಮೊದಲು ಇಳಿದಾಗ ತಾವೇ ಅದನ್ನು ಹೊರಳಿಸಿ, ಗಾಳಿ ಚೆಲ್ಲಿ, ಬರಿ ಎದೆಯಲ್ಲಿ ಮೇಲೆ ಬರುತ್ತಿದ್ದರು. ಆಮೇಲೆ ಹಂಡೆ ಎಳೆದು, ಮತ್ತೆ ಇಳಿಸಿ, ಕೆಲಸ ಶುರು.

"ಯಾಕ ಕಾಕಾ ಈ ಎರಡೆರಡು ಸಲದ ಖಟಪಟಿ?" ಎಂದು ಕೇಳಿದ್ದೆ.

"ಒಂದಿನ ಅದು ತಾನೇ ಹೊರಳತದ. ಕೆಳಗ ನಾ ಒಬ್ಬನೇ ಇರ್ತೀನಿ, ನೀ ಮ್ಯಾಲ ಬೀಡಿ ಸೇದಾಕತ್ತಿರ್ತಿ," ಎಂದು ನಕ್ಕರು. "ಗಾಳಿ ಹೋತಂದ್ರ ಹಂಡ್ಯಾಗ ಹುಡುಕಬಾರದು. ಬಾಯಿ ತೆರದು, ಉಸುರು ಬಿಟ್ಕೋತ ಸೀದಾ ಮ್ಯಾಲ ಬರಬೇಕು. ಇದು ತಲಿಗಿ ಅಲ್ಲ, ಕಾಲಿಗಿ ಕಲಿಸಬೇಕು."

ಕಲ್ಲಿಗೆ ನಾನು ಹಾಕಿದ ಗಂಟುಗಳನ್ನೂ ಅಷ್ಟೇ, ಒಂದೊಂದಾಗಿ ಜಗ್ಗಿ ನೋಡುತ್ತಿದ್ದರು.

ಆ ವರ್ಷ ದಸರೆಗೆ ಮೊದಲೇ ಕೆಲಸ ಶುರುವಾಗಬೇಕೆಂದು ಖಣಿಯ ಸಾವ್ಕಾರನಿಗೆ ಭಾಳ ಅವಸರ. ಹಂಡೆಗೆ ಕಟ್ಟಲು ನನಗೆ ಮೂರೇ ಒರಟು ಕಲ್ಲು ಸಿಕ್ಕವು. ನಾಲ್ಕನೆಯದು ಆಚೆ ದಂಡೆಯಲ್ಲಿತ್ತು. ಬಿಸಿಲಲ್ಲಿ ಸುತ್ತು ಹಾಕಿ ಹೋಗಲು ಬ್ಯಾಸರ. ಛಪ್ಪರದಲ್ಲಿ ತಿಕ್ಕಿ ನುಣುಪು ಮಾಡಿದ ಫರಸಿ ತುಂಡೊಂದು ಬಿದ್ದಿತ್ತು, ಅದನ್ನೇ ಕಟ್ಟಿದೆ. ನುಣುಪು ಫರಸಿ ನೀರಲ್ಲಿ ಹಗ್ಗಕ್ಕೆ ನಿಲ್ಲುವುದಿಲ್ಲ, ಒಂದು ಕಲ್ಲು ಜಾರಿದರೆ ಹಂಡೆ ಹೊರಳುತ್ತದೆ ಎಂದು ಖಣಿಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ನನ್ನ ಮೈಗಳ್ಳತನಕ್ಕೆ ಬೆಂಕಿ ಬೀಳಲಿ. ಅವತ್ತು ಕಾಕಾ ಗಂಟು ಜಗ್ಗಿ ನೋಡಲಿಲ್ಲ. ಅವಸರ ಇರಬೇಕು ಅಂದುಕೊಂಡೆ.

ಮೊದಲ ಇಳಿತ ಸರಿಯಾಗೇ ಆಯಿತು. ಎರಡನೇ ಸಲ ಅವರು ತಳ ಸೇರಿದ ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ದೊಡ್ಡ ಗುಳ್ಳೆಗಳೆದ್ದವು. ನನ್ನ ಕೈಯಲ್ಲಿದ್ದ ಹಂಡೆಯ ಹಗ್ಗ ಒಮ್ಮೆಲೇ ಭಾರವಾಯಿತು.

ಕಾಕಾ ಮೇಲೆ ಬಂದರು. ಕಾಲು ಕಲಿತದ್ದನ್ನು ಮರೆತಿರಲಿಲ್ಲ. ಆದರೆ ಪೈಪಿನಡಿ ಸಿಕ್ಕ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಕೆಸರು ನೀರು ಎದೆಗಿಳಿದಿತ್ತು. ಮೂಗಿನಿಂದ ರಕ್ತ. ನಾನು ಎಳೆದುಹಾಕಿದ ಹಂಡೆಯಲ್ಲಿ ಮೂರು ಕಲ್ಲು, ಒಂದು ಖಾಲಿ ಕುಣಿಕೆ. ಕಾಕಾ ಅದನ್ನು ನೋಡಿದರು, ನನ್ನನ್ನು ನೋಡಿದರು. ಓಡಿಬಂದ ಸಾವ್ಕಾರ ಯಾರು ಕಟ್ಟಿದ್ದೆಂದು ಕೇಳುವ ಮೊದಲೇ ಆ ಕುಣಿಕೆ ಬಿಚ್ಚಿಹಾಕಿದರು.

"ನಂದೇ ತಪ್ಪು ಆತ್ರಿ ಸಾವ್ಕಾರ್ರ. ನನ್ನ ಕೈ ತಗಲಿ ಹೊರಳ್ತು," ಎಂದರು.

ಎದೆ ಮತ್ತೆ ಸುಧಾರಿಸಲಿಲ್ಲ. ಶಹಾಬಾದಿನ ದವಾಖಾನೆ, ಕೊಡ್ಲಿ ಊರ ಕಡೆಯ ಬೇರು ನಾರು, ಎಲ್ಲ ಆಯಿತು. ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದರು. ಮತ್ತೆ ನೀರಿಗಿಳಿಯಲಿಲ್ಲ, ಬೇರೆ ಕಸುಬು ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗಿ ಎದುರಿಗೆ ಕೂತು, ತಪ್ಪು ಒಪ್ಪಿಕೊಳ್ಳಬೇಕೆಂದು ಬಾಯಿ ತೆರೆಯುತ್ತಿದ್ದೆ. "ಸುಮ್ಮ ಕುಂದ್ರು, ಚಾ ಕುಡಿ," ಎನ್ನುತ್ತಿದ್ದರು. ಎರಡನೆಯ ಬೇಸಿಗೆಗೆ ಹೋಗಿಬಿಟ್ಟರು.

ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಬಂದಿತ್ತು. ಓಣಿಯವರು ಹಗ್ಗಕ್ಕೆ ಕೈ ಹಾಕಿದಾಗ ಅವರ ಹೆಂಡತಿ, ನಮ್ಮ ಕಾಕಿ, ತಡೆದರು.

"ನೀವ್ಯಾರೂ ಕಟ್ಟಬ್ಯಾಡ್ರಿ," ಎಂದು ನನ್ನ ಕಡೆ ತಿರುಗಿದರು. "ನೀ ಕಟ್ಟಪ್ಪ. 'ಇಂವ ಕಟ್ಟಿದ ಗಂಟು ಜಗ್ಗಿ ನೋಡೋ ಜರೂರತ್ತಿಲ್ಲ' ಅಂತಿದ್ರು ನಿಮ್ಮ ಕಾಕಾ. ಹಾಸಿಗಿ ಹಿಡಿದ ಮ್ಯಾಲೂ ಅಂತಿದ್ರು."

ಕಟ್ಟಿದೆ. ಕಾಕಿಗೆ ಅವತ್ತೂ ನಿಜ ಹೇಳಲಿಲ್ಲ, ಆಕೆ ಇರೋತನಕವೂ ಹೇಳಲಿಲ್ಲ.